ಲೋಡ್ ಕೊಟ್ಟರೆ ನಿಲ್ಲುತ್ತಿದ್ದ ಜನರೇಟರ್

ಮೂಡಿಗೆರೆ ಸಮೀಪದ ಒಂದು ಕಾಫಿ ತೋಟದಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮನೆಯಲ್ಲಿರುವ 25 ಕೆವಿಎ ಜನರೇಟರ್ ಲೋಡ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ನಿಂತುಹೋಗುತ್ತಿದೆ ಎಂದು ತೋಟದ ಲೆಕ್ಕಪತ್ರ ನೋಡುವ ರೈಟರು ಹೇಳಿಕಳುಹಿಸಿದಾಗ ಅರೇಬಿಕಾ ಕೊಯ್ಲು ಭರದಿಂದ ನಡೆದಿತ್ತು. ಕುಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಅದು ರಾಶಿಯಲ್ಲೇ ಹುಳಿಯತೊಡಗಿ ಕಾಫಿಯ ಗುಣ ಕೆಡುತ್ತದೆ. ನನಗಿಂತ ಮೊದಲು ಬಂದಿದ್ದ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್‌ಗಳನ್ನೂ ಪೈಪಿನ ತಾಮ್ರದ ವಾಷರ್‌ಗಳನ್ನೂ ಬದಲಿಸಿ, ಇನ್ನು ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಫ್ಯೂಯೆಲ್ ಪಂಪನ್ನೇ ಬಿಚ್ಚಿ, ಆ ಅಳತೆ ಸರಿಪಡಿಸುವ ಕ್ಯಾಲಿಬ್ರೇಷನ್‌ಗೆ ಹಾಸನಕ್ಕೆ ಕಳುಹಿಸಬೇಕೆಂದು ಹೇಳಿ ಹೋಗಿದ್ದರು.

ಯಾವ ಎಂಜಿನ್ ಆದರೂ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡುವುದು ನನ್ನ ರೂಢಿ. ಎಂಜಿನ್ ಎಣ್ಣೆ ಅದರ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ. ಕೀ ತಿರುಗಿಸಿದಾಗ ಉರಿಯಬೇಕಾಗಿದ್ದ ಎಣ್ಣೆ ಒತ್ತಡದ ದೀಪವೂ ಉರಿಯಲಿಲ್ಲ. ಹುಡುಕಿದರೆ, ಒತ್ತಡ ಕಡಿಮೆಯಾದಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ತಂತಿಯನ್ನು ಯಾರೋ ಕಿತ್ತು ಟೇಪ್ ಸುತ್ತಿಟ್ಟಿದ್ದರು. ಪದೇ ಪದೇ ನಿಲ್ಲುವ ಯಂತ್ರಕ್ಕೆ ಈ ಮದ್ದು ಮಾಡುವವರನ್ನು ನಾನು ಅನೇಕ ಕಡೆ ಕಂಡಿದ್ದೇನೆ, ಬೇರಿಂಗ್ ಹಿಡಿದು ಕ್ರ್ಯಾಂಕ್ ಶಾಫ್ಟ್ ಹಾಳಾದ ಎಂಜಿನ್‌ಗಳನ್ನೂ ಕಂಡಿದ್ದೇನೆ. ತಂತಿಯನ್ನು ಸ್ವಸ್ಥಾನಕ್ಕೆ ಜೋಡಿಸಿ, ಎಣ್ಣೆ ತುಂಬಿದ ಮೇಲೆಯೇ ಸ್ಟಾರ್ಟ್ ಮಾಡಿದೆ.

ಲೋಡ್ ಇಲ್ಲದಾಗ ಫ್ರೀಕ್ವೆನ್ಸಿ 52 ಹರ್ಟ್ಸ್, ವೋಲ್ಟೇಜ್ 415 ಇದ್ದು ಎರಡೂ ಸ್ಥಿರವಾಗಿದ್ದವು. ಪಲ್ಪರ್ ಮತ್ತು ಕಾಫಿ ತೊಳೆಯುವ ವಾಷರ್ ಯಂತ್ರದ ಮೋಟರ್‌ಗಳನ್ನು ಹಾಕಿದಾಗ ಪ್ರತಿ ಫೇಸಿನಲ್ಲಿ 22 ಆಂಪಿಯರ್ ಬಂತು. ಈ ಯಂತ್ರ ಸುಮಾರು 35 ಆಂಪಿಯರ್ ಕೊಡಬಲ್ಲದಾದ್ದರಿಂದ ಲೋಡ್ ಹೆಚ್ಚಾಗಿದೆ ಎನ್ನುವಂತಿರಲಿಲ್ಲ. ಎಂಟು ನಿಮಿಷ ಕಳೆಯುತ್ತಲೇ ಎಂಜಿನ್ನಿನ ಸದ್ದು ಏರಿಳಿಯತೊಡಗಿ, ಫ್ರೀಕ್ವೆನ್ಸಿ 44ಕ್ಕೆ ಕುಸಿದು, ಎಂಜಿನ್ ನಿಂತಿತು. ವೋಲ್ಟೇಜೂ ಜೊತೆಗೇ ಇಳಿದದ್ದನ್ನು ಕಂಡು ರೈಟರು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಮೇಲೆ ಸಂಶಯಪಟ್ಟರು. ಆದರೆ ವೇಗ ಬಿದ್ದಾಗ ಎವಿಆರ್ (ವೋಲ್ಟೇಜ್ ನಿಯಂತ್ರಕ) ವೋಲ್ಟೇಜನ್ನು ತಾನಾಗಿಯೇ ಇಳಿಸುತ್ತದೆ, ಅದು ದೋಷವಲ್ಲ. ನನ್ನ ಕಣ್ಣು ಸೈಲೆನ್ಸರಿನ ಮೇಲಿತ್ತು. ಲೋಡಿಗೆ ತತ್ತರಿಸುವ ಅಥವಾ ಗಾಳಿ ಸಾಲದ ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ, ಏಕೆಂದರೆ ಅಲ್ಲಿ ಸುಡಲಾಗದಷ್ಟು ಡೀಸೆಲ್ ಒಳಗೆ ಹೋಗಿರುತ್ತದೆ. ಇಲ್ಲಿ ಹೊಗೆಯೇ ಇಲ್ಲದೆ ಎಂಜಿನ್ ಸೊರಗಿತ್ತು, ಅಂದರೆ ಅದಕ್ಕೆ ಡೀಸೆಲ್ಲೇ ತಲುಪುತ್ತಿರಲಿಲ್ಲ.

ಫಿಲ್ಟರಿನಿಂದ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದಾಗ ಗುಳ್ಳೆಗಳು ಬಂದವು. ಇಲ್ಲಿ ನಾನೂ ಎಡವಿದೆ. ಗಾಳಿ ಎಳೆಯುವ ಜೋಡಣೆಯನ್ನು ಹುಡುಕುತ್ತ, ಹೋಸ್ ಪೈಪನ್ನೂ ಬದಲಿಸಿ, ಎರಡು ಗಂಟೆ ಕಳೆದರೂ ಗುಳ್ಳೆಗಳು ನಿಲ್ಲಲಿಲ್ಲ. ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಆಮೇಲೆ ಮಾಡಿದೆ: ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರವಾಗಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಪೈಪು ಕೊಟ್ಟು, ಹೆಚ್ಚಾದ ಡೀಸೆಲ್ ಮರಳುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟೆ. ಕ್ಯಾನನ್ನು ಎತ್ತರದಲ್ಲಿಟ್ಟರೆ ಡೀಸೆಲ್ ತಾನಾಗಿ ಇಳಿದು ಫೀಡ್ ಪಂಪಿನ ದೌರ್ಬಲ್ಯ ಮರೆಯಾಗುತ್ತದೆ. ಆದ್ದರಿಂದ ಟ್ಯಾಂಕಿನ ಮಟ್ಟದಲ್ಲಿ, ನೆಲದ ಮೇಲೆಯೇ ಇರಿಸಿದೆ. ಅದೇ ಲೋಡಿನಲ್ಲಿ ಎಂಜಿನ್ ಅರ್ಧ ಗಂಟೆ ಕದಲದೆ ಓಡಿತು. ಹಾಸನಕ್ಕೆ ಹೊರಟಿದ್ದ ಪಂಪಿನಲ್ಲಿ ದೋಷವಿರಲಿಲ್ಲ.

ಟ್ಯಾಂಕಿನೊಳಗಿನ ಹೀರುಕೊಳವೆಯನ್ನು ಬಿಚ್ಚಿ ಮೇಲೆಳೆದರೆ ಅದರ ತುದಿಯ ಜಾಲರಿಗೆ ಕಂದು ಬಣ್ಣದ ಲೋಳೆ ದಪ್ಪವಾಗಿ ಮೆತ್ತಿಕೊಂಡಿತ್ತು. ಮಾರ್ಚಿನಿಂದ ಈ ಯಂತ್ರಕ್ಕೆ ಕೆಲಸವಿಲ್ಲದೆ ಟ್ಯಾಂಕು ಅರ್ಧ ಖಾಲಿಯಾಗಿಯೇ ಮಲೆನಾಡಿನ ಮಳೆಗಾಲವನ್ನು ಕಳೆದಿತ್ತು. ತೇವದ ಗಾಳಿಯ ನೀರು ಒಳಗೋಡೆಗಳ ಮೇಲೆ ಹನಿಗಟ್ಟಿ ತಳ ಸೇರಿದ ಮೇಲೆ, ನೀರು ಮತ್ತು ಡೀಸೆಲ್ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಲೋಡ್ ಇಲ್ಲದಾಗ ಎಂಜಿನ್ನಿಗೆ ಬೇಕಾಗುವ ಅಲ್ಪ ಡೀಸೆಲ್ ಅದರ ಸಂದಿನಲ್ಲಿ ನುಸುಳುತ್ತಿತ್ತು. ಲೋಡ್ ಬಿದ್ದಾಗ ಫೀಡ್ ಪಂಪ್ ಜೋರಾಗಿ ಹೀರಿ, ಲೋಳೆಯನ್ನು ಜಾಲರಿಗೆ ಇನ್ನಷ್ಟು ಎಳೆದುಕೊಂಡು, ಡೀಸೆಲ್ ಸಿಗದೆ ಜೋಡಣೆಗಳ ಸಂದಿನಿಂದ ಗಾಳಿಯನ್ನು ಹೀರುತ್ತಿತ್ತು. ಹಿಂದಿನ ಮೆಕ್ಯಾನಿಕ್ಕೂ ನಾನೂ ಬೆನ್ನುಹತ್ತಿದ್ದ ಗುಳ್ಳೆಗಳು ಹುಟ್ಟಿದ್ದು ಹೀಗೆ. ಹತ್ತು ನಿಮಿಷ ಬಿಟ್ಟರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗುತ್ತಿದ್ದುದೂ, ಹೀರುವಿಕೆ ನಿಂತು ಲೋಳೆ ಕಳಚಿ ಬೀಳುತ್ತಿದ್ದುದರಿಂದಲೇ.

ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ನೂಲು ಬಿಡದ ಬಟ್ಟೆಯಿಂದ ಒರೆಸಿದೆ. ತೆಗೆದ ಡೀಸೆಲನ್ನು ಸೋಸಿ ಮತ್ತೆ ಹಾಕಬಾರದೇ ಎಂದು ರೈಟರು ಕೇಳಿದರು, ನಾನು ಒಪ್ಪಲಿಲ್ಲ. ವಾರದ ಹಿಂದೆ ಹಾಕಿದ್ದ ಫಿಲ್ಟರಿನಲ್ಲೂ ಲೋಳೆ ಸೇರಿದ್ದರಿಂದ ಅದನ್ನು ಪುನಃ ಬದಲಿಸಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆ. ಒಂದು ಗಂಟೆಯ ಲೋಡಿನಲ್ಲಿ ಫ್ರೀಕ್ವೆನ್ಸಿ 50ರಿಂದ ಕೆಳಗಿಳಿಯಲಿಲ್ಲ. ಮಳೆ ಹಿಡಿಯುವ ಮೊದಲು ಟ್ಯಾಂಕನ್ನು ಕಂಠಮಟ್ಟ ತುಂಬಿಡಬೇಕೆಂದೂ, ಕೊಯ್ಲಿಗೆ ಮುನ್ನ ತಳದ ಪ್ಲಗ್ ಬಿಚ್ಚಿ ನೀರು ಹೋಗಿ ಬರಿ ಡೀಸೆಲ್ ಬರುವವರೆಗೆ ಹರಿಸಬೇಕೆಂದೂ ಜನರೇಟರಿನ ಹೊರಪೆಟ್ಟಿಗೆಯಾದ ಕ್ಯಾನಪಿಯ ಬಾಗಿಲಿನ ಒಳಮೈಗೆ ಬಣ್ಣದಲ್ಲಿ ಬರೆದು ಹೊರಟೆ.