ವಿದೇಶಿ ಆಶ್ರಯ ಕೇಸಿಗೆ ತಜ್ಞರ ವರದಿ ಬರೆಯುವುದು ಹೇಗೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದ ಸಮಾಜಶಾಸ್ತ್ರ, ಇತಿಹಾಸ, ಮಹಿಳಾ ಅಧ್ಯಯನದ ಅಧ್ಯಾಪಕರಿಗೆ ಆಗಾಗ ಒಂದು ಬಗೆಯ ಇಮೇಲ್ ಬರುತ್ತದೆ. ಬ್ರಿಟನ್ ಅಥವಾ ಅಮೆರಿಕದ ವಕೀಲರೊಬ್ಬರು ಬರೆದಿರುತ್ತಾರೆ. ನಿಮ್ಮ ಜಿಲ್ಲೆಯವರೊಬ್ಬರು ಇಲ್ಲಿ ಆಶ್ರಯ ಕೇಳಿದ್ದಾರೆ, ವಾಪಸ್ ಕಳಿಸಿದರೆ ಜೀವಕ್ಕೆ ಅಪಾಯ ಅನ್ನುತ್ತಿದ್ದಾರೆ, ಅಲ್ಲಿನ ಪರಿಸ್ಥಿತಿ ಬಗ್ಗೆ ತಜ್ಞರಾಗಿ ವರದಿ ಕೊಡಲು ಸಾಧ್ಯವೇ ಅಂತ. ಕೆಲವರು ಹೆದರಿ ಉತ್ತರವನ್ನೇ ಕೊಡುವುದಿಲ್ಲ. ಕೆಲವರು ಒಪ್ಪಿಕೊಂಡು ಜಾತಿ ವ್ಯವಸ್ಥೆಯ ಇತಿಹಾಸದ ಮೇಲೆ ಪುಟಗಟ್ಟಲೆ ಉಪನ್ಯಾಸ ಬರೆದು ಕಳಿಸುತ್ತಾರೆ. ಅಂಥ ವರದಿಗಳನ್ನು ನಾನು ಬಹಳ ಓದಿದ್ದೇನೆ. ಬರೆದವರೆಲ್ಲ ವಿಷಯ ಚೆನ್ನಾಗಿ ಬಲ್ಲವರೇ. ಆದರೆ ನ್ಯಾಯಾಧೀಶರು ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ. ಆ ವರದಿಯನ್ನು ಪಕ್ಕಕ್ಕೆ ಇಡುತ್ತಾರೆ, ಮನುಷ್ಯ ಕೇಸು ಸೋಲುತ್ತಾನೆ.

ಮೊದಲು ಕೇಸಿನ ಸ್ವರೂಪ ತಿಳಿದಿರಲಿ. 1951ರ ನಿರಾಶ್ರಿತರ ಒಪ್ಪಂದ, 1967ರ ಅದರ ಪ್ರೋಟೋಕಾಲ್ ಇವುಗಳಿಗೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ನಮ್ಮ ಕೋರ್ಟುಗಳಲ್ಲಿ ಇಂಥ ವಿಚಾರಣೆಯೇ ಇಲ್ಲ, ನಮ್ಮ ಊರಿನ ವಕೀಲರನ್ನು ಕೇಳಿದರೆ ಅವರಿಗೂ ಹೊಸದು. ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ಕಿರುಕುಳದ ಭಯ ಇರಬೇಕು. ಆ ಭಯಕ್ಕೆ ಆಧಾರ ಇರಬೇಕು. ತನ್ನ ಸರ್ಕಾರದಿಂದ ರಕ್ಷಣೆ ಸಿಗದಂತಿರಬೇಕು. ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಸಾಕ್ಷಿ ಬೇಕಿಲ್ಲ. ಹತ್ತರಲ್ಲಿ ಒಂದು ಪಾಲು ಅಪಾಯ ಇದ್ದರೂ ಭಯಕ್ಕೆ ಆಧಾರ ಇದೆ ಎನ್ನಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಕಾರ್ಡೋಜಾ ಫೊನ್ಸೆಕಾ ಕೇಸಿನಲ್ಲಿ ಹೇಳಿದೆ.

ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತ ನ್ಯಾಯಾಧೀಶರಿಗೆ ಇಂಡಿ ತಾಲ್ಲೂಕು ಹೇಗೆ ಗೊತ್ತಿರಬೇಕು? ಅದಕ್ಕೇ ಊರು ಬಲ್ಲವರ ವರದಿ ಬೇಕಾಗುತ್ತದೆ. ತಮಿಳುನಾಡಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಎಡಿನ್‌ಬರೊದ ಮಾನವಶಾಸ್ತ್ರಜ್ಞ ಆಂಥನಿ ಗುಡ್, ಶ್ರೀಲಂಕಾ ತಮಿಳರ ಎಷ್ಟೋ ಕೇಸುಗಳಲ್ಲಿ ಇದೇ ಕೆಲಸ ಮಾಡಿದವರು. ನಮ್ಮ ಕಡೆಯಿಂದ ಬರಬಹುದಾದವು ಅಂತರ್ಜಾತಿ ಮದುವೆ, ಧರ್ಮ ಮೀರಿದ ಮದುವೆ, ದೇವದಾಸಿ ಮನೆತನದ ಹೆಣ್ಣುಮಕ್ಕಳು, ಜೋಗಪ್ಪಗಳು (ಎಲ್ಲಮ್ಮನಿಗೆ ಮುಡಿಪಾದ, ಹೆಣ್ಣಿನ ವೇಷದಲ್ಲಿ ಬದುಕುವವರು), ದಲಿತರ ಮೇಲಿನ ಹಲ್ಲೆ ಇಂಥವು.

ಒಪ್ಪಿಕೊಳ್ಳುವ ಮುಂಚೆ

ನೀವು ಅಧ್ಯಯನ ಮಾಡಿದ ವಿಷಯವಾದರೆ ಮಾತ್ರ ಒಪ್ಪಿ. ಇಳಕಲ್ ನೇಕಾರರ ಬಗ್ಗೆ ಪಿಎಚ್‌.ಡಿ. ಮಾಡಿದವರು ಪಂಜಾಬಿನ ಖಲಿಸ್ತಾನ ಕೇಸಿಗೆ ಕೈ ಹಾಕಬಾರದು. ಅರ್ಜಿದಾರರು ಸಂಬಂಧಿಕರಾದರೆ ಬೇಡ ಅನ್ನಿ. ಪ್ರಶ್ನೆಗಳನ್ನು ಪತ್ರದಲ್ಲಿ ಬರೆದು ಕಳಿಸಲು ವಕೀಲರಿಗೆ ಹೇಳಿ, ಫೋನಿನಲ್ಲಿ ಹೇಳಿದ್ದನ್ನು ನಂಬಿ ಬರೆಯಬೇಡಿ. ಫೀಸು ಮೊದಲೇ ಮಾತಾಡಿ. ಕೇಸು ಗೆದ್ದರೆ ಮಾತ್ರ ಕೊಡುತ್ತೇವೆ ಅಂದರೆ ಒಪ್ಪಲೇಬೇಡಿ. ಗೆಲುವಿನ ಮೇಲೆ ನಿಂತ ಫೀಸು ಇದೆಯೆಂದು ಗೊತ್ತಾದ ಕ್ಷಣವೇ ವರದಿಯ ಬೆಲೆ ಹೋಗುತ್ತದೆ.

ಇನ್ನೊಂದು ವಿಷಯ ಮನಸ್ಸಿಗೆ ಇಳಿಯಬೇಕು. ಕರೆದವರು ವಕೀಲರಾದರೂ ನಿಮ್ಮ ಹೊಣೆ ಇರುವುದು ನ್ಯಾಯಾಲಯಕ್ಕೆ. ಬ್ರಿಟನ್ನಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದು ಒಂದು ಹಡಗಿನ ವಿಮೆ ಕೇಸಿನಲ್ಲಿ, 1993ರ ಇಕೇರಿಯನ್ ರೀಫರ್ ತೀರ್ಪು. ತಜ್ಞರು ಪಕ್ಷ ವಹಿಸಬಾರದು, ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿಯನ್ನು ಮುಚ್ಚಿಡಬಾರದು, ತಮಗೆ ಗೊತ್ತಿಲ್ಲದ ಕ್ಷೇತ್ರ ಬಂದರೆ ಹಾಗಂತ ಹೇಳಬೇಕು. ಆಶ್ರಯ ಕೇಸುಗಳಿಗೂ ಇದೇ ನಿಯಮ.

ಕಾಗದಪತ್ರ ಓದುವುದು

ಅರ್ಜಿದಾರರ ಹೇಳಿಕೆ, ಸಂದರ್ಶನದ ದಾಖಲೆ, ಅರ್ಜಿ ತಿರಸ್ಕರಿಸಿದ ಪತ್ರ, ಇಷ್ಟು ಬಂದಿರುತ್ತವೆ. ತಿರಸ್ಕಾರದ ಪತ್ರವನ್ನೇ ಮೊದಲು ಓದಿ. ಅಧಿಕಾರಿಗೆ ಯಾವ ಮಾತು ನಂಬಲು ಆಗಿಲ್ಲ ಅನ್ನುವುದು ಅಲ್ಲೇ ಇರುತ್ತದೆ.

ಎಷ್ಟೋ ಸಲ ಅವರು ಸುಳ್ಳು ಅಂದುಕೊಂಡದ್ದು ನಮ್ಮ ಭಾಗದ ಯಾರಿಗಾದರೂ ಗೊತ್ತಿರುವ ಸಾದಾ ಸಂಗತಿ. ಜಮಖಂಡಿಯಲ್ಲಿ 1990ರಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಬಿಜಾಪುರ ಜಿಲ್ಲೆ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಬಾಗಲಕೋಟೆ ಇರುತ್ತದೆ. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಬಿಜಾಪುರ ವಿಜಯಪುರ ಆದದ್ದು, ಬೆಳಗಾಂ ಬೆಳಗಾವಿ ಆದದ್ದು 2014ರ ನವೆಂಬರ್ 1ರಂದು. ಕೊಲ್ಹಾರದವರ ಹಳೆ ಕಾಗದದಲ್ಲಿ ಬಸವನಬಾಗೇವಾಡಿ ತಾಲ್ಲೂಕು ಅಂತಿದ್ದು ಹೊಸದರಲ್ಲಿ ಕೊಲ್ಹಾರವೇ ತಾಲ್ಲೂಕು ಆಗಿರುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನವರು ಹೇಳುವ ಓಣಿ, ಗುಡಿ ಇಂದಿನ ನಕ್ಷೆಯಲ್ಲಿ ಸಿಗುವುದೇ ಇಲ್ಲ. ಶಾಲೆ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಿದ್ದರೆ, ಹೆಸರು ಹಚ್ಚುವಾಗ ಮಾಸ್ತರರು ಅಂದಾಜಿಗೆ ಬರೆದದ್ದು ಇರಬಹುದು ಅಂತ ನಮಗೆ ಹೊಳೆಯುತ್ತದೆ, ಅವರಿಗೆ ಹೊಳೆಯುವುದಿಲ್ಲ. ಇವನ್ನೆಲ್ಲ ಒಂದೊಂದು ಪ್ಯಾರಾದಲ್ಲಿ ವಿವರಿಸಿ. ಬಿಜಾಪುರ ಎಂಬ ಇನ್ನೊಂದು ಜಿಲ್ಲೆ ಛತ್ತೀಸಗಡದಲ್ಲಿದೆ, ಮಾವೋವಾದಿ ಹಿಂಸೆಯ ಸುದ್ದಿ ಆ ಬಿಜಾಪುರದ್ದು. ಅಂತರ್ಜಾಲದಲ್ಲಿ ಹುಡುಕಿದವರು ಎರಡನ್ನೂ ಕಲಸಿಬಿಡುತ್ತಾರೆ. ಕಡತದಲ್ಲಿ ಅಂಥ ಸುದ್ದಿ ಸೇರಿಕೊಂಡಿದ್ದರೆ ತೋರಿಸಿಕೊಡಿ, ಅದರಿಂದ ಅರ್ಜಿದಾರರಿಗೆ ಲಾಭ ಆಗುವಂತಿದ್ದರೂ ಸರಿ.

ಎಫ್‌ಐಆರ್ ಪ್ರತಿ ಬಂದರೆ ಕಲಂಗಳನ್ನು ನೋಡಿ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. 2022ರ ಎಫ್‌ಐಆರ್‌ನಲ್ಲಿ ಕೊಲೆಗೆ ಐಪಿಸಿ 302 ಇರಬೇಕು. ನ್ಯಾಯ ಸಂಹಿತೆಯ 103 ಇದ್ದರೆ ಆ ಕಾಗದ ನಂಬುವಂಥದ್ದಲ್ಲ. ಘಟನೆ 2024ರ ಜೂನ್‌ನಲ್ಲಿ ನಡೆದು ದೂರು ಜುಲೈನಲ್ಲಿ ಆಗಿದ್ದರೆ ಅಪರಾಧಕ್ಕೆ ಐಪಿಸಿ ಕಲಂ, ದೂರು ದಾಖಲಿಸಿದ್ದಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173, ಹೀಗೆ ಎರಡೂ ಕಾಣುತ್ತವೆ. ಅದು ತಪ್ಪಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಸೂಕ್ಷ್ಮ ಪ್ರಕರಣ ಬಿಟ್ಟು. ಅಲ್ಲಿ ಹುಡುಕಬಹುದು.

ಠಾಣೆಗೆ ಮಾತ್ರ ಫೋನ್ ಮಾಡಬೇಡಿ. ಊರಿಗೂ ಹೋಗಿ ವಿಚಾರಿಸಬೇಡಿ. ಪರಿಚಯದ ಪಿಎಸ್‌ಐ ಇದ್ದಾರೆ, ಸುಮ್ನೆ ಒಂದು ಮಾತು ಕೇಳೋಣ ಅನ್ನಿಸುತ್ತದೆ. ಆ ಒಂದು ಮಾತಿನಿಂದ ಅರ್ಜಿ ಹಾಕಿದ ಹುಡುಗಿ ಎಲ್ಲಿದ್ದಾಳೆ ಅನ್ನುವುದು ಸಂಜೆಯೊಳಗೆ ಅವಳ ಅಣ್ಣನ ಕಿವಿಗೆ ಬೀಳಬಹುದು. ಕನ್ನಡ ಕಾಗದಗಳನ್ನು ಪುಕ್ಕಟೆ ಆ್ಯಪ್‌ಗೆ ಹಾಕಿ ಅನುವಾದ ಮಾಡುವುದೂ ಬೇಡ. ಠಾಣೆಯ ಕನ್ನಡ ಅವಕ್ಕೆ ತಿಳಿಯುವುದಿಲ್ಲ, ಮೇಲಾಗಿ ಗುಟ್ಟಿನ ಕಾಗದ ಎಲ್ಲಿಗೋ ಹೋಗಿ ಕೂರುತ್ತದೆ.

ಬೇರೆ ಊರಿಗೆ ಹೋಗಿ ಇರಬಹುದಲ್ಲ?

ಹೆಚ್ಚಿನ ವರದಿಗಳು ಬೀಳುವುದು ಈ ಜಾಗದಲ್ಲಿ. ತಿರಸ್ಕಾರದ ಪತ್ರದಲ್ಲಿ ಈ ವಾದ ಇದ್ದೇ ಇರುತ್ತದೆ. ಭಾರತ ದೊಡ್ಡ ದೇಶ, ನಿಮ್ಮ ಊರಿನಲ್ಲಿ ಅಪಾಯ ಇದ್ದರೆ ಚೆನ್ನೈಗೋ ಮುಂಬೈಗೋ ಹೋಗಿ ಇರಿ ಅಂತ. ಹಾಗೆ ಹೋಗಿ ಬದುಕು ಅನ್ನುವುದು ಆ ವ್ಯಕ್ತಿಯ ಪರಿಸ್ಥಿತಿಯಲ್ಲಿ ಅತಿ ಕಠಿಣವಾಗುತ್ತದೆಯೇ ಎಂದು ನೋಡಬೇಕೆಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2006ರಲ್ಲಿ ಜನುಜಿ ಕೇಸಿನಲ್ಲಿ ಹೇಳಿತು. ಇದಕ್ಕೆ ನಮ್ಮವರು "ಭಾರತದಲ್ಲಿ ಎಲ್ಲಿಯೂ ಸುರಕ್ಷಿತವಲ್ಲ" ಎಂದು ಒಂದೇ ಸಾಲು ಬರೆಯುತ್ತಾರೆ. ಆ ಸಾಲು ಸುಳ್ಳು, ನ್ಯಾಯಾಧೀಶರಿಗೂ ಅದು ಸುಳ್ಳೆಂದು ಗೊತ್ತು. ಅದಾದ ಮೇಲೆ ನೀವು ಬರೆದ ನಿಜವನ್ನೂ ಅವರು ನಂಬುವುದಿಲ್ಲ.

ಒಂದು ಊಹೆಯ ಉದಾಹರಣೆ ಇಟ್ಟುಕೊಳ್ಳೋಣ. ಸಿಂದಗಿ ತಾಲ್ಲೂಕಿನ ಹೆಣ್ಣುಮಗಳು, 24 ವರ್ಷ, ಪಿಯುಸಿ ಓದಿದ್ದಾಳೆ. ದಲಿತ ಹುಡುಗನನ್ನು ಮದುವೆ ಆಗಿದ್ದಾಳೆ.

ಬೆನ್ನು ಹತ್ತುವವರು ಯಾರು ಅನ್ನುವುದರಿಂದ ಶುರು ಮಾಡಿ. ಅಪ್ಪ ಎರಡು ಎಕರೆ ಒಣಬೇಸಾಯದ ರೈತನಾಗಿದ್ದು ದುಡ್ಡು, ಸಂಪರ್ಕ ಇಲ್ಲದಿದ್ದರೆ ಅವರ ಕೈ ಪುಣೆವರೆಗೆ ಚಾಚುವುದು ಕಷ್ಟ ಎಂದು ಬರೆಯಿರಿ. ಅಣ್ಣ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ (ಕೂಲಿಗಳನ್ನು ಕರೆದೊಯ್ಯುವ ಮುಖ್ಯಸ್ಥ) ಆಗಿದ್ದರೆ ಲೆಕ್ಕವೇ ಬೇರೆ. ಅವನಿಗೆ ಸಾಂಗ್ಲಿ, ಕೊಲ್ಹಾಪುರದವರೆಗೆ ಪರಿಚಯದ ಜನ ಇರುತ್ತಾರೆ.

ಆಮೇಲೆ ಹೇಗೆ ಹುಡುಕುತ್ತಾರೆ ಅನ್ನುವುದು. ಮನೆಯವರು ಮೊದಲು ಮಾಡುವ ಕೆಲಸ ಮಗಳು ಕಾಣೆಯಾಗಿದ್ದಾಳೆ ಎಂದು ದೂರು ಕೊಡುವುದು. ದೂರು ಆದ ಮೇಲೆ ಫೋನ್ ನಂಬರಿನ ಜಾಡು ಹಿಡಿಯುವುದು ಪೊಲೀಸರ ಕೈಲಿ. ವಯಸ್ಕಳಾದರೂ ಹೇಳಿಕೆ ಕೊಡು ಎಂದು ಠಾಣೆಗೆ ಕರೆಸುತ್ತಾರೆ, ಮನೆಯವರು ಅಲ್ಲೇ ಹೊರಗೆ ಕೂತಿರುತ್ತಾರೆ. ಮದುವೆ ನೋಂದಣಿಯ ಸಂಗತಿಯನ್ನಂತೂ ಬಿಡಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗುವವರಿಗೆ 30 ದಿನದ ನೋಟಿಸ್ ಇದೆ. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. ಪುಣೆಯಲ್ಲಿ ಅರ್ಜಿ ಕೊಟ್ಟರೂ, ಹುಡುಗಿಯ ಕಾಯಂ ವಿಳಾಸ ವಿಜಯಪುರ ಜಿಲ್ಲೆಯದಾದರೆ ಒಂದು ಪ್ರತಿ ಇಲ್ಲಿನ ವಿವಾಹ ಅಧಿಕಾರಿಗೆ ಬಂದು ಇಲ್ಲಿಯೂ ಅಂಟಬೇಕು, ಕಾಯ್ದೆಯ 6ನೇ ಕಲಂ ಹಾಗೆ ಹೇಳುತ್ತದೆ. ಯಾರಿಂದ ಅಡಗಿದ್ದಾರೋ ಅವರ ಊರಿನಲ್ಲೇ ಹೆಸರು, ವಿಳಾಸ ಗೋಡೆಗೆ ಬರುತ್ತದೆ. ಲಂಡನ್ನಿನ ವಕೀಲರಿಗೆ ಇದು ನೀವು ಹೇಳದೆ ತಿಳಿಯುವುದಿಲ್ಲ.

ಎಲ್ಲಿಗೆ ಹೋಗುತ್ತಾಳೆ? ನಮ್ಮ ಜನ ದುಡಿಯಲು ಹೋಗುವ ಜಾಗಗಳು ಗೊತ್ತೇ ಇವೆ: ಗೋವಾ, ರತ್ನಾಗಿರಿ, ಪುಣೆ, ಮುಂಬೈ, ಮಂಗಳೂರು. ಕೆಲಸ ಸಿಗುವುದು ಊರಿನವರ ಮೂಲಕ, ಇರುವುದು ಊರಿನವರ ಜೋಪಡಿ ಸಾಲಿನಲ್ಲಿ. ಅಲ್ಲಿ ಹೊಸ ಹೆಣ್ಣುಮಗಳು ಬಂದ ಸುದ್ದಿ ಜಾತ್ರೆಗೆ ಊರಿಗೆ ಬಂದವರ ಬಾಯಲ್ಲಿ ಬರುತ್ತದೆ. ಪರಿಚಯ ಇಲ್ಲದ ಊರಿಗೆ ಹೋದರೆ ಬಾಡಿಗೆ ಮನೆಗೆ ಆಧಾರ್ ಬೇಕು, ಡಿಪಾಜಿಟ್ ಬೇಕು. ಮನೆ ಮಾಲೀಕರು ಅಡ್ಡಹೆಸರು ಕೇಳುತ್ತಾರೆ, ಅಡ್ಡಹೆಸರಿನಲ್ಲಿ ಎಷ್ಟೋ ಸಲ ಜಾತಿ ಇರುತ್ತದೆ. ಗಂಡನದು ಒಂದು, ಹೆಂಡತಿಯದು ಇನ್ನೊಂದು ಇದ್ದರೆ ಮುಂದಿನ ಪ್ರಶ್ನೆ ಶುರು. ಇಷ್ಟು ವಿವರಕ್ಕೆ ಇಳಿಯಿರಿ.

ಇನ್ನು ಸರ್ಕಾರದ ರಕ್ಷಣೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಮರ್ಯಾದೆ ಹೆಸರಿನ ಹತ್ಯೆ ತಡೆಯಲು ಸುರಕ್ಷಿತ ವಸತಿ, ಜಿಲ್ಲೆಗೊಂದು ವಿಶೇಷ ಘಟಕ ಬೇಕೆಂದು ಶಕ್ತಿ ವಾಹಿನಿ ಕೇಸಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವನ್ನು ಬರೆಯಿರಿ, ನಿಮ್ಮ ಜಿಲ್ಲೆಯಲ್ಲಿ ನೀವು ಕಂಡಂತೆ ಅದರಲ್ಲಿ ಎಷ್ಟು ನಡೆಯುತ್ತಿದೆ ಅಂತಲೂ ಬರೆಯಿರಿ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ ಮಗ ಹುಡುಗಿಯ ಜೊತೆ ಊರು ಬಿಟ್ಟನೆಂದು ಅವನ ತಾಯಿಯನ್ನು ವಿವಸ್ತ್ರಗೊಳಿಸಿ, ಕಂಬಕ್ಕೆ ಕಟ್ಟಿ ಹೊಡೆದರು. ಈ ಘಟನೆಯನ್ನು ವರದಿಗೆ ತರುವವರು ಅರ್ಧ ಮಾತ್ರ ಬರೆಯುತ್ತಾರೆ. ಪೊಲೀಸರು ಆರೋಪಿಗಳನ್ನು ಬಂಧಿಸಿದ್ದು, ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡದ್ದು ಕೂಡ ವರದಿಯಲ್ಲಿ ಇರಬೇಕು. ಹಾಗೇ ಇಬ್ಬರೂ ಎಂಜಿನಿಯರ್ ಆಗಿದ್ದು ಬೆಂಗಳೂರಿನಲ್ಲಿ ನೌಕರಿ ಇದ್ದರೆ, ಅಂಥ ಜೋಡಿ ಅಲ್ಲಿ ಬದುಕಬಲ್ಲದು ಎಂದು ನಿಮಗೆ ಅನ್ನಿಸಿದರೆ ಅದನ್ನೂ ಹೇಳಬೇಕು. ವಕೀಲರಿಗೆ ಬೇಸರ ಆಗಬಹುದು. ಆಗಲಿ.

ಬರೆಯುವ ಧಾಟಿ, ಸಹಿ

ಪ್ಯಾರಾಗಳಿಗೆ ಅಂಕಿ ಹಾಕಿ. "ಇವರು ಹೇಳುವುದು ನಿಜ" ಎಂದು ಬರೆಯಬೇಡಿ, ಅದನ್ನು ತೀರ್ಮಾನಿಸುವುದು ನ್ಯಾಯಾಧೀಶರು. "ಈ ಭಾಗದಲ್ಲಿ ನಾನು ಕಂಡಿರುವುದಕ್ಕೆ ಇವರ ಹೇಳಿಕೆ ಹೊಂದುತ್ತದೆ, ಏಕೆಂದರೆ" ಎಂದು ಬರೆದು ಕಾರಣ ಕೊಡಿ. ಹಿಂದಿನ ಕೇಸಿನ ವರದಿಯಲ್ಲಿ ಹೆಸರು ಬದಲಿಸಿ ಕಳಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಎದುರಿನ ವಕೀಲರು ಹಳೆಯದನ್ನು ಪಕ್ಕದಲ್ಲಿಟ್ಟು ಓದುತ್ತಾರೆ.

ಸ್ಟ್ಯಾಂಪ್ ಪೇಪರ್, ನೋಟರಿ ಅಂತ ಡಿಸಿ ಆಫೀಸಿಗೆ ಓಡುವ ಅಗತ್ಯ ಇಲ್ಲ. ಬ್ರಿಟನ್ನಿಗೆ ಕೊನೆಯಲ್ಲಿ ಸತ್ಯದ ಹೇಳಿಕೆ ಸಾಕು, ಒಕ್ಕಣೆಯನ್ನು ವಕೀಲರೇ ಕಳಿಸುತ್ತಾರೆ. ಅಮೆರಿಕಕ್ಕೆ ಹೊರದೇಶದಿಂದ ಕೊಡುವ ಘೋಷಣೆಯಾದರೆ, ಅಮೆರಿಕದ ಕಾನೂನಿನ ಪ್ರಕಾರ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಟ್ಟು ಹೇಳುತ್ತಿದ್ದೇನೆ ಎಂಬ ಸಾಲು ಬೇಕೇ ಬೇಕು. ಜೊತೆಗೆ ನಿಮ್ಮ ಓದು, ಕ್ಷೇತ್ರಕಾರ್ಯದ ವಿವರ, ನೋಡಿದ ಕಾಗದಗಳ ಪಟ್ಟಿ.

ಪಾಟಿ ಸವಾಲು

ಎಲ್ಲ ಕೇಸಿನಲ್ಲೂ ನಿಮ್ಮನ್ನು ಸಾಕ್ಷಿಗೆ ಕರೆಯುವುದಿಲ್ಲ. ಬ್ರಿಟನ್ ಟ್ರಿಬ್ಯುನಲ್ ಮುಂದೆ ಇಲ್ಲಿಂದ ವಿಡಿಯೊದಲ್ಲಿ ಮಾತಾಡಬೇಕಾದರೆ, ನೀವಿರುವ ದೇಶದ ಸರ್ಕಾರದ ಆಕ್ಷೇಪ ಇಲ್ಲ ಎಂಬುದು ಮೊದಲೇ ಖಚಿತವಾಗಬೇಕು, 2021ರ ಅಗ್ಬಾಬಿಯಾಕಾ ತೀರ್ಪಿನ ನಂತರ ಇದು ಕಟ್ಟುನಿಟ್ಟು. ಆ ಕೆಲಸ ವಕೀಲರದು, ತಿಂಗಳುಗಳ ಮುಂಚೆ ನೆನಪಿಸಿ. ಪ್ರಶ್ನೆಗೆ ಎರಡು ಮೂರು ವಾಕ್ಯದಲ್ಲಿ ಉತ್ತರಿಸಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ತೀರ್ಪು ಬಂದ ಮೇಲೆ ಅದರ ಪ್ರತಿಯನ್ನು ಕೇಳಿ ತರಿಸಿಕೊಳ್ಳಿ, ವಕೀಲರು ತಾವಾಗಿ ಕಳಿಸುವುದು ಕಡಿಮೆ. ನಿಮ್ಮ ವರದಿಯ ಯಾವ ಪ್ಯಾರಾ ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಂದು ಅದರಲ್ಲಿ ಇರುತ್ತದೆ. ಓದಿ ಟಿಪ್ಪಣಿ ಮಾಡಿಕೊಂಡ ಮೇಲೆ ಅರ್ಜಿದಾರರ ಕಾಗದಗಳನ್ನು ಕಂಪ್ಯೂಟರ್, ಫೋನು, ಇಮೇಲ್ ಎಲ್ಲ ಕಡೆಯಿಂದ ಅಳಿಸಿಹಾಕಿ. ಕಾಲೇಜಿನ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದಿದ್ದರೆ ಅದರ ಡೌನ್‌ಲೋಡ್ ಫೋಲ್ಡರನ್ನೂ ನೋಡಿ.