ಹಾವಿನ ಮರಿ ಮಾರುವ ಕಸುಬು: ಯಾವ ಹಾವು ಆರಿಸಬೇಕು?

ಅಮೆರಿಕದಲ್ಲಿ ಮನೆಯಲ್ಲೇ ಹಾವಿನ ಮರಿ ಮಾಡಿಸಿ ಮಾರುವವರಿದ್ದಾರೆ. ಅಲ್ಲಿರುವ ಕನ್ನಡಿಗರಿಗೆ ಆಸಕ್ತಿ ಇದ್ದರೆ ಈ ಲೇಖನ. ನಮ್ಮೂರಲ್ಲಿ ಮಾತ್ರ ನಾಗರ, ಕೇರೆ, ಹೆಬ್ಬಾವು ಹಿಡಿದು ಮಾರುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆ ಯೋಚನೆಯೇ ಬೇಡ.

ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಆಫ್ರಿಕಾದ ಚಿಕ್ಕ ಹೆಬ್ಬಾವು ಬಾಲ್ ಪೈಥಾನ್ ಸಾಕಬಹುದು, ಅಲ್ಲೇ ಕಾಡಿನಲ್ಲಿರುವ ವಿಷವಿಲ್ಲದ ಕಾರ್ನ್ ಸ್ನೇಕ್ ಸಾಕುವಂತಿಲ್ಲ! ಬರ್ಮಾ ಹೆಬ್ಬಾವಿನ ಆಸೆ ಬಿಡಿ. ಫ್ಲಾರಿಡಾದ ಎವರ್‌ಗ್ಲೇಡ್ಸ್‌ ಸೇರಿಕೊಂಡು ಅದು ಅಲ್ಲಿನ ಕಾಡುಪ್ರಾಣಿಗಳನ್ನು ತಿಂದು ಮುಗಿಸುತ್ತಿದೆ.

ಇನ್ನು ಮುಖ್ಯ ಲೆಕ್ಕ. ಹೆಣ್ಣು ಬಾಲ್ ಪೈಥಾನ್ ಮೊಟ್ಟೆಗೆ ಸಿದ್ಧವಾಗಲು ಸುಮಾರು ಮೂರು ವರ್ಷ, ಒಂದೂವರೆ ಕಿಲೋ ತೂಕ ಬೇಕು. ಇಡುವುದು ಆರರ ಆಸುಪಾಸು ಮೊಟ್ಟೆ. ಕಾರ್ನ್ ಸ್ನೇಕ್ ಒಂದೇ ಸಲಕ್ಕೆ ಹತ್ತು-ಇಪ್ಪತ್ತು ಇಡುತ್ತದೆ. ಎರಡರಲ್ಲೂ ಮರಿ ಹೊರಬರಲು ಸುಮಾರು ಎರಡು ತಿಂಗಳು.

ಅಪರೂಪದ ಬಣ್ಣದ ಮರಿಗೆ, ಅಂದರೆ ಮಾರ್ಫ್‌ಗೆ, ಬೆಲೆ ಜಾಸ್ತಿ. ಎಲ್ಲರೂ ಎಡವುವುದು ಇಲ್ಲೇ. ಅಲ್ಬಿನೋ, ಅಂದರೆ ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ ಗುಣ, ಒಳಗೇ ಅಡಗಿರುವ ಗಂಡು-ಹೆಣ್ಣು ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಮಾತ್ರ ಅಲ್ಬಿನೋ ಆಗುವ ಸಾಧ್ಯತೆ. ಉಳಿದವು ಸಾಮಾನ್ಯ ಬಣ್ಣದವು. ನಿಮ್ಮ ಹೆಣ್ಣು ಬೆಳೆಯುವಷ್ಟರಲ್ಲಿ ಬೇರೆಯವರೂ ಅದೇ ಮರಿ ಮಾಡಿಸಿರುತ್ತಾರೆ, ಬೆಲೆ ಇಳಿದಿರುತ್ತದೆ. ಬಾಲ್ ಪೈಥಾನ್‌ನ ಸ್ಪೈಡರ್ ಮಾರ್ಫ್ ಅಂತೂ ಬೇಡವೇ ಬೇಡ. ಆ ವಂಶಗುಣದಿಂದಲೇ ಹಾವಿನ ತಲೆ ಅಲುಗಾಡುತ್ತದೆ, ಸಮತೋಲನ ತಪ್ಪುತ್ತದೆ. ಚಂದಕ್ಕಾಗಿ ಒಂದು ಜೀವವನ್ನು ಹಾಗೆ ಹುಟ್ಟಿಸಬಾರದು ಅಲ್ವಾ?

ಬಾಲ್ ಪೈಥಾನ್ ಕೆಲವೊಮ್ಮೆ ತಿಂಗಳುಗಟ್ಟಲೆ ಊಟ ಬಿಡುತ್ತದೆ. ಹೊಸದಾಗಿ ಕೊಂಡವರು ಹೆದರಿ ನಿಮಗೇ ಫೋನ್ ಮಾಡುತ್ತಾರೆ. ಕಾರ್ನ್ ಸ್ನೇಕ್ ಮರಿಗಳಲ್ಲಿ ಹೆಚ್ಚಿನವು ಮೊದಲ ಪೊರೆ ಕಳಚಿದ ಮೇಲೆ ಸಲೀಸಾಗಿ ಇಲಿಮರಿ ತಿನ್ನುತ್ತವೆ. ಬೆಲೆ ಕಡಿಮೆ ಸಿಕ್ಕರೂ ಕಾರ್ನ್ ಸ್ನೇಕ್ ಜೋಡಿಯಿಂದಲೇ ಶುರು ಮಾಡಿ ಎನ್ನುತ್ತೇನೆ.

ಮೊಟ್ಟೆ ಇಡಿಸುವ ಮುನ್ನವೇ ಡಬ್ಬಿ ಎಣಿಸಿಕೊಳ್ಳಿ. ಹದಿನೈದು ಮರಿಗೆ ಹದಿನೈದು ಡಬ್ಬಿ ಬೇಕು, ಒಟ್ಟಿಗೆ ಇಡುವಂತಿಲ್ಲ. ಮಾರಾಟವಾಗದ ಮರಿಯನ್ನು ನೀವೇ ಸಾಕಬೇಕು, ಅದು ಇಪ್ಪತ್ತು ವರ್ಷ ಬದುಕಬಹುದು. ಕಾಡಿಗೆ ಬಿಡಲೇಬೇಡಿ. ಅಮೆರಿಕದ ಅಂಚೆಯಲ್ಲಿ ಹಾವು ಕಳಿಸುವಂತಿಲ್ಲ, ಜೀವಂತ ಪ್ರಾಣಿ ಒಯ್ಯುವ ಕೊರಿಯರ್ ಮೊದಲೇ ಹುಡುಕಿಡಿ. ಕನಿಷ್ಠ ಮೂರು ಸಲ ತಾನಾಗಿಯೇ ತಿಂದ ಮರಿಯನ್ನು ಮಾತ್ರ ಮಾರಿ. ತಿಂದ ತಾರೀಖನ್ನು ಡಬ್ಬಿಯ ಮೇಲೆ ಬರೆದು, ಕೊಳ್ಳುವವರಿಗೂ ಕೊಡಿ.