ಮಳೆಯಲ್ಲಿ ಹೊಸ ಅಡಿಕೆ ತೋಟ: ಮೊದಲು ಬಸಿಗಾಲುವೆ, ಆಮೇಲೆ ಸಸಿ

ಮಲೆನಾಡಿನ ಹೊಸ ಜಾಗದಲ್ಲಿ ಸಸಿ ತರುವ ಮೊದಲೇ ಎರಡು ಸಾಲಿಗೊಂದು ಬಸಿಗಾಲುವೆ (ಹೆಚ್ಚಿನ ನೀರು ಬಸಿದು ಹೋಗುವ ಕಾಲುವೆ) ತೆಗೆಯಿರಿ. ಕಾಲುವೆಯ ತಳ ಸಸಿ ನೆಡುವ ಗುಂಡಿಯ ತಳಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಲಿ. ಇಲ್ಲದಿದ್ದರೆ ಗುಂಡಿಯಲ್ಲಿ ನೀರು ನಿಂತು, ಗಾಳಿಯಾಡದೆ ಬೇರು ಕೊಳೆತು, ಎಲೆ ಹಳದಿಯಾಗುತ್ತದೆ. ಅದನ್ನು ಕಂಡು ಗೊಬ್ಬರ ಸಾಲದೆಂದು ಗೊಬ್ಬರ ಸುರಿಯುವವರೇ ಹೆಚ್ಚು!

ಸಸಿಯಿಂದ ಸಸಿಗೆ 9 ಅಡಿ. ಗುಂಡಿ 3 ಅಡಿ ಆಳ. ಜೇಡಿಮಣ್ಣಿಗೆ 2 ಅಡಿ ಸಾಕು. ನೀರು ಬಸಿಯುವ ಮಣ್ಣಾದರೆ ಮೇ-ಜೂನ್‌ನಲ್ಲಿ ನೆಡಿ, ಜೇಡಿಯಾದರೆ ಮಳೆ ಇಳಿಯುವ ಆಗಸ್ಟ್-ಸೆಪ್ಟೆಂಬರ್‌ವರೆಗೆ ತಡೆಯಿರಿ. 12–18 ತಿಂಗಳ, ಐದಾರು ಎಲೆಯ, ಬುಡ ದಪ್ಪಗಿರುವ ಗಿಡ್ಡ ಸಸಿ ಒಳ್ಳೆಯದು. ಬೇರಿನ ಮಣ್ಣುಹೆಂಟೆ ಒಡೆಯದಂತೆ ಇಳಿಸಿ, ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ಬುಡದವರೆಗೆ ಮಾತ್ರ ತುಂಬಿ. ಮಣ್ಣು ಮುದ್ದೆಯಾಗುವಷ್ಟು ಹಸಿಯಿದ್ದ ದಿನ ತುಳಿಯಬೇಡಿ. ನೆರಳಿಗೆ ಬಾಳೆಯನ್ನೂ ಈಗಲೇ ಹಾಕಿ.